ಕಾಕಾನ ಎಕೋ ಡಬ್ಬಿ

ಬಾಜೂಮನೆಯ ಕಾಕಾನ ಎಡಗೈ ಬೆರಳ ತುದಿಗಳು ಖಡಕ್ ರೊಟ್ಟಿಯ ಅಂಚಿನಂತೆ ಒರಟಾಗಿದ್ದವು. ಸೊಲ್ಲಾಪುರದಲ್ಲಿ ಅವರದು ಚಾದರದ ವ್ಯಾಪಾರ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಂದರ ಮೇಲೊಂದು ಒಟ್ಟಿದ ಚಾದರದ ಥಪ್ಪಿಗೆ ಒರಗಿ ಎಲೆಕ್ಟ್ರಿಕ್ ಗಿಟಾರು ನುಡಿಸುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಅವರ ಭಾವ ಮುಂಬಯಿಯಿಂದ ಒಂದು ಡಿಜಿಟಲ್ ಡಬ್ಬಿ ತಂದುಕೊಟ್ಟರು. ಹತ್ತಾರು ಬಗೆಯ ಗಿಟಾರ್ ಆಂಪ್ಲಿಫೈಯರುಗಳ ದನಿಯನ್ನು ಅದೊಂದೇ ತೆಗೆಯುತ್ತಿತ್ತು. ಎಕೋ ಗಿಕೋ ಎಲ್ಲ ಒಳಗೇ ತುಂಬಿಸಿದ್ದರು. ಆ ದನಿಗಳ ಹೆಸರುಗಳು ಇಂಗ್ಲಿಷಿನಲ್ಲಿದ್ದವೆಂದು ಕಾಕಾ ತಮ್ಮವೇ ಇಟ್ಟುಕೊಂಡರು: ಒಂದು 'ಬಾವಿ', ಮದುವೆ ಮಂಟಪದಂತೆ ಮೊಳಗುವುದು 'ಕಾರ್ಯಾಲಯ', ಕರ್ಕಶವಾಗಿ ಕಿರುಚುವುದು 'ಅತ್ತಿ ಸಿಟ್ಟು'. ಅಂಗೈಯಗಲದ ಡಬ್ಬಿಯಲ್ಲಿ ಅಷ್ಟು ದೊಡ್ಡ ಮಂಟಪ ಹೇಗೆ ಹಿಡಿಸಿತೋ, ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಕೇಳಿದರೆ, "ನನಗೂ ತಿಳದಿಲ್ಲವ್ವಾ. ನಡೀತೈತಿ, ನಡೀಲಿ ಬಿಡು," ಎನ್ನುತ್ತಿದ್ದರು.

ನಾನಾಗ ಹಾಡು ಕಲಿಯುತ್ತಿದ್ದೆ. ಅದು ಅಪ್ಪನಿಗೆ ಬೇಡವಾಗಿತ್ತು. ಅಕ್ಕಲಕೋಟದಲ್ಲಿ ಸೋದರತ್ತೆಯ ಮಗಳ ಮದುವೆ. ಹಿಂದಿನ ಸಂಜೆ ನಾನು ಅಭಂಗ ಹಾಡಬೇಕು. "ಅಲ್ಲಿ ನೆಟ್ಟಗ ಹಾಡಿದ್ರ ಮುಂದ ಕಲಿ. ಇಲ್ಲಾಂದ್ರ ಕ್ಲಾಸ್ ಬಂದ್," ಎಂದರು ಅಪ್ಪ. ಜೊತೆಗೆ ನುಡಿಸಲು ಕಾಕಾ ಬಂದರು.

ಮಾಡಿಗೆ ತಗಡಿನ ಪತ್ರಾಸ್ ಹೊದಿಸಿದ ಮಂಗಲ ಕಾರ್ಯಾಲಯ. ಅಭಂಗದ ಲಯ ಏರತೊಡಗಿದಾಗ ಯಾವುದು ತಬಲಾ, ಯಾವುದು ಅದರ ಮರುದನಿ ಒಂದೂ ತಿಳಿಯದಾಯಿತು. ಗಿಟಾರು ಎಲ್ಲಿಂದ ಬರುತ್ತಿದೆಯೋ ಅದೂ ಗೊತ್ತಾಗಲಿಲ್ಲ. ಹಾಡನ್ನು ನಡುವೆಯೇ ನಿಲ್ಲಿಸಿಬಿಟ್ಟೆ.

ಕಾಕಾ ಮೈಕಿಗೆ ಬಾಗಿ, "ಮಾಫ್ ಮಾಡ್ರಿ. ನನ್ನ ಡಬ್ಬಿ ಎಕೋ ಹುಡುಗಿಗಿ ದಾರಿ ತಪ್ಪಿಸ್ತು," ಎಂದು ಡಬ್ಬಿಯ ವೈರು ಕಿತ್ತಿಟ್ಟರು. "ಶೇಠಜಿ, ನೀವು ಚಾದರಾನ ಮಾರ್ರಿ," ಎಂದು ಯಾರೋ ಕೂಗಿದರು, ಕಾರ್ಯಾಲಯವೆಲ್ಲ ನಕ್ಕಿತು. ಕಾಕಾ ನನಗೆ ಮೆಲ್ಲಗೆ, "ನನ್ನ ಕಾಲು ನೋಡಕೋತ ಹಾಡು," ಎಂದರು. ತಾಳ ಹಾಕುವ ಆ ಪಾದವನ್ನೇ ನೋಡುತ್ತ ಕೊನೆಯವರೆಗೆ ಹಾಡಿದೆ. ವೈರಿಲ್ಲದ ಅವರ ಗಿಟಾರು ಯಾರಿಗೂ ಕೇಳಿಸಲಿಲ್ಲ.

"ಮಷಿನ್ ಕೆಟ್ರ ಪೋರಿ ಏನ್ ಮಾಡ್ಯಾಳು," ಎಂದರು ಅಪ್ಪ. ಕ್ಲಾಸು ನಿಲ್ಲಲಿಲ್ಲ. ಈಗ ನಾನೇ ಹಾಡು ಕಲಿಸುತ್ತೇನೆ. ಆ ಡಬ್ಬಿಯನ್ನು ಮಾತ್ರ ಎಷ್ಟೋ ವರ್ಷ ಕಾಕಾನ ಎದುರೇ ಬೈದೆ. ಅವರು ನಗುತ್ತ ಕೇಳಿಸಿಕೊಳ್ಳುತ್ತಿದ್ದರು.

ಹೋದ ವರ್ಷ ಕಾಕಾ ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಹೋದಾಗ ಅವರ ಹೆಂಡತಿ, ನಮ್ಮ ಕಾಕು, ಡಬ್ಬಿಯನ್ನು ನನ್ನ ಕೈಗಿಟ್ಟರು.

"ಆವತ್ತು ನನ್ನ ಕೆಡಿಸಿದ್ದು ಇದೇ ಅಲ್ಲೇನ್ರಿ ಕಾಕು?"

"ಅದೇನ್ ಕೆಡಸ್ತೈತಿ. ಪತ್ರಾಸ್ ಮೊದಲೇ ಗುಂಯ್ ಅಂತೈತಿ ಅಂತ ಅವರು ಎಕೋ ಹಚ್ಚೇ ಇದ್ದಿಲ್ಲ. 'ಹುಡುಗಿ ಕಲಿಯೂದು ನಿಲ್ಲಬಾರದು. ಡಬ್ಬಿಗೇನ್ ಮಾನ ಹೋಗತೈತಿ, ತಪ್ಪು ಅದರ ಮ್ಯಾಲ ಹಾಕಿದೆ' ಅಂದಿದ್ರು ಮನಿಗಿ ಬಂದು."

ಡಬ್ಬಿಗೆ ಮಾನವಿಲ್ಲ, ಸರಿ. ಆವತ್ತು ಜನ ನಕ್ಕಿದ್ದು ಕಾಕಾನಿಗೆ.