ಬಾಣ ಇಟ್ಟರಷ್ಟೇ ತೆರೆಯುವ ಪಟ್ಟಿ

ಆ ವರ್ಷದ ಡೈರಿಯಲ್ಲಿ ಇರುವುದು ಒಂದೇ ಸಾಲು: ‘ಸಂಘದ ಪುಟದಿಂದ ಜಾವಾಸ್ಕ್ರಿಪ್ಟ್ ಪೂರ್ತಿ ತೆಗೆದೆ.’ ಉಳಿದದ್ದೆಲ್ಲ ನೆನಪು. ನನ್ನ ನೆನಪಿಗೆ ನನ್ನನ್ನು ಒಳ್ಳೆಯವಳನ್ನಾಗಿ ಮಾಡುವ ಚಾಳಿ ಇದೆ.

ತೊಂಬತ್ತರ ದಶಕದ ಕೊನೆ. ದೊಡ್ಡಬಳ್ಳಾಪುರದ ನೇಕಾರರ ಸಂಘವೊಂದಕ್ಕೆ ಸೀರೆ ಆರ್ಡರ್‌ಗಳ ವೆಬ್‌ಸೈಟ್ ಮಾಡುತ್ತಿದ್ದೆ. ಅಂಗಡಿಯವರು ಫೋನಿನಲ್ಲಿ ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡು ಅದರಲ್ಲಿ ತುಂಬಬೇಕಾದವಳು ನನ್ನ ದೊಡ್ಡಪ್ಪನ ಮಗಳು. ಅಕ್ಕ ವರ್ಷಗಟ್ಟಲೆ ಮಗ್ಗಕ್ಕೆ ನೂಲು ಸುತ್ತಿದವಳು. ಕೈಗಳಿಗೆ ನಡುಕ ಬಂದ ಮೇಲೆ ಕಚೇರಿಗೆ ಸೇರಿದ್ದಳು. ಮೌಸ್ ಹಿಡಿದರೆ ಪರದೆಯ ಮೇಲಿನ ಬಾಣ ಒಂದೆಡೆ ನಿಲ್ಲುತ್ತಿರಲಿಲ್ಲ. ಕೀಬೋರ್ಡಿನಲ್ಲೇ ಎಲ್ಲ ಕೆಲಸ.

ಇದು ನನಗೆ ಗೊತ್ತಿತ್ತು. ಆದರೂ ಬಾಣವನ್ನು ಸೀರೆಯ ಚಿತ್ರದ ಮೇಲಿಟ್ಟರಷ್ಟೇ ಬಣ್ಣಗಳ ಪಟ್ಟಿ ಬಿಚ್ಚಿಕೊಳ್ಳುವಂತೆ ಜಾವಾಸ್ಕ್ರಿಪ್ಟ್ ಎಂಬ ಕೋಡಿನಲ್ಲಿ ಸ್ಕ್ರಿಪ್ಟ್ ಬರೆದಿದ್ದೆ. ಹೆಮ್ಮೆಯೂ ಇತ್ತು. ತೋರಿಸಿದ ದಿನ ಅಕ್ಕ ಟ್ಯಾಬ್ ಕೀಲಿ ಒತ್ತಿದಳು, ಮತ್ತೆ ಒತ್ತಿದಳು. ಪಟ್ಟಿ ತೆರೆಯಲಿಲ್ಲ.

“ಬಿಡಮ್ಮಾ, ಈ ಕೆಲ್ಸಕ್ಕೆ ಬೇರೆ ಯಾರನ್ನಾದ್ರೂ ನೋಡ್ತೀವಿ,” ಎಂದು ಅಕ್ಕನಿಗೆ ಹೇಳಿದರು ಪಕ್ಕದಲ್ಲಿದ್ದ ಸಂಘದ ಅಧ್ಯಕ್ಷರು.

“ಅಕ್ಕನ ಕೈ ನಡುಗುತ್ತೆ ಸಾರ್, ಒಂದ್ವಾರ ಟೈಮ್ ಕೊಡಿ,” ಎಂದು ಬೇಡಿಕೊಂಡೆ.

ಹೊರಗೆ ಬಂದದ್ದೇ ಅಕ್ಕ ತರಾಟೆಗೆ ತೆಗೆದುಕೊಂಡಳು. “ನನ್ ಕೈ ಸುದ್ದಿ ನಿನಗ್ಯಾಕೆ? ಅದು ನೀನ್ ಪುಟ ಮಾಡಕ್ಕೆ ಮುಂಚಿಂದ್ಲೂ ಹಿಂಗೇ ಇತ್ತು ಕಣೇ. ಕೆಟ್ಟಿರೋದು ನಿನ್ ಪುಟ. ಹಂಗಂತ ಹೇಳಕ್ಕೆ ನಾಚ್ಕೆ ಆಯ್ತಾ?”

ಆಗಿತ್ತು.

ವಾರದೊಳಗೆ ಸ್ಕ್ರಿಪ್ಟ್ ಕಿತ್ತುಹಾಕಿದೆ. ಬಣ್ಣಗಳೆಲ್ಲ ಮೊದಲೇ ಕಾಣುವಂತೆ ಸಾಲಾಗಿ ಬರೆದು, ಪಕ್ಕದಲ್ಲಿ ಗುರುತು ಹಾಕುವ ಚೌಕ, ಕೆಳಗೆ ಕಳಿಸುವ ಬಟನ್ ಇಟ್ಟೆ. ಟ್ಯಾಬ್, ಸ್ಪೇಸ್, ಎಂಟರ್ ಇದ್ದರೆ ಸಾಕು.

“ಇದೇನಮ್ಮಾ, ತಾಲ್ಲೂಕಾಫೀಸ್ ಫಾರಂ ಥರ ಮಾಡ್ಬಿಟ್ಟಿದೀಯ! ಮೊದ್ಲಿಂದೇ ಹಾಕು,” ಎಂದರು ಅಧ್ಯಕ್ಷರು.

“ಮೊದ್ಲಿಂದು ತಪ್ಪಿತ್ತು ಸಾರ್. ತಪ್ಪು ನಂದೇ. ವಾಪಸ್ ಹಾಕಲ್ಲ. ಬೇಕಾದ್ರೆ ಬೇರೆಯವ್ರ ಹತ್ರ ಮಾಡಿಸ್ಕೊಳ್ಳಿ.”

ಇಷ್ಟು ನೇರವಾಗಿ ಹೇಳಿದೆನೇ? ಅಕ್ಕನ ಪ್ರಕಾರ ನನ್ನ ಧ್ವನಿ ಹೊರಡಲೇ ಇಲ್ಲವಂತೆ. ವಾಪಸ್ ಹಾಕಬಾರದು ಅಂತ ಹೇಳಿದ್ದು ತಾನಂತೆ. ಇರಬಹುದು. ಇಬ್ಬರಿಗೂ ಒಂದೇ ರೀತಿ ನೆನಪಿರುವುದು ಮುಂದಿನದು. ಅಕ್ಕ ಬೆಳಗಿನ ಚೀಟಿಗಳನ್ನು ಎದುರಿಗಿಟ್ಟುಕೊಂಡು, ನಡುಗುವ ಬೆರಳಿನಲ್ಲೇ ಟ್ಯಾಬ್ ಒತ್ತುತ್ತ, ಒಂದೊಂದಾಗಿ ಎಲ್ಲ ಆರ್ಡರ್‌ಗಳನ್ನೂ ತುಂಬಿ ಕಳಿಸಿದಳು. ಅಧ್ಯಕ್ಷರು ಹಿಂದೆ ನಿಂತು ಕೊನೆಯವರೆಗೂ ನೋಡಿದರು.

“ಕೆಲ್ಸ ಏನೋ ಆಯ್ತು. ಆದ್ರೂ ಚಂದ ಇಲ್ವಲ್ಲಮ್ಮಾ,” ಎಂದರು.

ಅಕ್ಕ ತಿರುಗಲಿಲ್ಲ. “ಚಂದ ಬೇಕಿದ್ರೆ ಗೋಡೆಗೆ ಸುಣ್ಣ ಹೊಡ್ಸಿ ಸಾರ್. ನಾಳೆ ಎಷ್ಟೊತ್ತಿಗೆ ಬಾಗ್ಲು ತೆಗೀತೀರಾ? ನಾನು ಒಂಬತ್ತಕ್ಕೇ ಬಂದ್ಬಿಡ್ತೀನಿ.”