ಟವೆಲ್ಲಿನ ಕೆಳಗೆ ಹೆಡ್‌ಮಾಸ್ತರ ಕೈ

ಗೋಡೆಪತ್ರಿಕೆ ಓದುವ ಗೆಳೆಯರೇ, ಹೆಡ್‌ಮಾಸ್ತರು ಹರಿದುಹಾಕುವ ಮೊದಲೇ ಇದನ್ನು ಓದಿಬಿಡಿ. ವಿಜ್ಞಾನ ಸ್ಪರ್ಧೆಯ ಭಾಷಾವಿಜ್ಞಾನ ವಿಭಾಗಕ್ಕೆ ನಾವು ಶಿಡ್ಲಘಟ್ಟದ ರೇಷ್ಮೆಗೂಡು ವ್ಯಾಪಾರಿಗಳ ಬೆರಳ ಭಾಷೆಯನ್ನು ಆರಿಸಿದ್ದೇವೆ. ಅಂದರೆ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಹೇಳುವುದು.

ಇವತ್ತು ತಾಲೀಮು ನೋಡಿ ಹೆಡ್‌ಮಾಸ್ತರು ರೇಗಿದರು: "ಬಾಯೇ ಬಿಡ್ದೆ ಇರೋದು ಯಾವ ಸೀಮೆ ಭಾಷೆನಯ್ಯಾ?"

ನಮ್ಮ ತಂಡದ ರಹಮತ್ ವಾದಿಸಲಿಲ್ಲ. "ಒಂದ್ಸಲ ಕೈ ಕೊಡಿ ಸಾರ್" ಎಂದು ಟವೆಲ್ ಹೊದಿಸಿ, ಗೂಡಿಗೆ ತೀರಾ ಕಡಿಮೆ ದರ ಒತ್ತಿದ. ಹೆಡ್‌ಮಾಸ್ತರು ಜಂಗಮಕೋಟೆಯಲ್ಲಿ ರೇಷ್ಮೆಹುಳು ಸಾಕುವ ಮನೆಯಲ್ಲೇ ಬೆಳೆದವರು. ಮುಖ ಕೆಂಪಾಯಿತು, ಟವೆಲ್ ಅಲುಗಾಡಿತು.

"ಸಾರ್ ದರ ಏರಿಸ್ತಾವ್ರೆ ಕಣ್ರೋ!" ಎಂದು ರಹಮತ್ ಕೂಗಿದ.

ಭಾಷೆಯೇ ಅಲ್ಲ ಎಂದವರು ಅದರಲ್ಲೇ ಚೌಕಾಸಿಗೆ ಇಳಿದಿದ್ದರು! ಭಲೇ ರಹಮತ್! ತೀರ್ಪುಗಾರರಿಗೂ ಒಂದು ಟವೆಲ್ ಒಗೆದು ಇಟ್ಟಿದ್ದೇವೆ.