ಕೆಂಪಾಗಿ ಹೋದ ಭಾನುವಾರ

ಸೊಸೆಯ ಬಯಕೆಯನ್ನು ನಮ್ಮ ಕಟ್ಟಡದ ಕೆಳಗಿನ ಹಾಲ್‌ನಲ್ಲೇ ಮಾಡುವುದೆಂದು ಬೀಗಿತಿಯ ಎದುರು ಎದೆ ತಟ್ಟಿಕೊಂಡವನು ನಾನೇ. ಬಯಕೆಯೆಂದರೆ ನಮ್ಮ ಕಡೆಯ ಸೀಮಂತ. ಅದಾದ ಮೇಲೆ ಹುಡುಗಿಯನ್ನು ತವರಿಗೆ ಕಳಿಸುವುದು ಕ್ರಮ. ಆದರೆ ಈ ಹುಡುಗಿ ಆಸ್ಪತ್ರೆಗೆ ಬಿಟ್ಟು ಬೇರೆಲ್ಲಿಗೂ ವಾಹನ ಹತ್ತಬಾರದು ಎಂದು ಡಾಕ್ಟರರು ಹೇಳಿಬಿಟ್ಟಿದ್ದರು. ಹೆರಿಗೆಯವರೆಗೆ ಕೊಟ್ಟಾರದ ನಮ್ಮ ಫ್ಲ್ಯಾಟೇ ಗತಿ. ಲಿಫ್ಟಿನಲ್ಲಿ ಕೆಳಗಿಳಿದು ಮೇಲೆ ಬರಬಹುದು, ಅಷ್ಟೆ.

ಇದು ಊರಿನ ಇನ್ನೊಂದು ತುದಿಯ ಕುಲಶೇಖರದಲ್ಲಿರುವ ಬೀಗಿತಿಗೆ ಹಿಡಿಸಲಿಲ್ಲ. ಡಾಕ್ಟರರ ಬಾಯಿಯಿಂದ ನಾನೇ ಹೇಳಿಸಿದ್ದೆಂದು ಅವರ ಗುಮಾನಿ.

"ನಮ್ಮ ಮನೆಯ ಹತ್ತಿರ ಒಳ್ಳೆ ಹಾಲ್ ಉಂಟು ಭಾವ. ಮೆಲ್ಲ ಕಾರಲ್ಲಿ ತಂದ್ರೆ ಆಯ್ತು," ಎಂದರು ಫೋನಿನಲ್ಲಿ.

"ರೋಡಿನ ಹೊಂಡ ನೋಡಿದ್ದೀರಾ?"

"ಹೊಂಡ ನಿಮ್ಮ ತಲೆಯಲ್ಲಿ ಇರುವಷ್ಟು ರೋಡಲ್ಲಿ ಇಲ್ಲ. ಹಾಲ್ ಸಿಕ್ತಾ ಇಲ್ವಾ, ಅದು ಹೇಳಿ. ಸಿಗದಿದ್ರೆ ಇಲ್ಲೇ ಮಾಡುದು."

ಹಾಲ್ ಇನ್ನೂ ಸಿಕ್ಕಿರಲಿಲ್ಲ. ಆಟಿ ತಿಂಗಳು ಹೊಸ್ತಿಲಿಗೆ ಬಂದಿತ್ತು. ಆಟಿಯಲ್ಲಿ ಶುಭಕಾರ್ಯ ಮಾಡುವ ಹಾಗಿಲ್ಲ, ಆಟಿ ಕಳೆಯುವವರೆಗೆ ಹೊಟ್ಟೆಯ ಮಗು ಕಾಯುವುದಿಲ್ಲ. ಉಳಿದದ್ದು ಒಂದೇ ಭಾನುವಾರ.

ಮೊದಲೆಲ್ಲ ಹಾಲ್ ಬೇಕಾದರೆ ವಾಚ್‌ಮ್ಯಾನಿಗೆ ಒಂದು ಮಾತು ಹೇಳಿದರೆ ಸಾಕಿತ್ತು. ಈಗಿನ ಸೆಕ್ರೆಟರಿ ಅಧಿಕಾರಕ್ಕೆ ಬಂದ ಮೇಲೆ ಅಸೋಸಿಯೇಷನ್ನಿಗೊಂದು ವೆಬ್‌ಸೈಟ್ ಆಯಿತು. ಮಾಡಿಕೊಟ್ಟವನು ಅವರ ಅಕ್ಕನ ಮಗ. ಈ ಸೆಕ್ರೆಟರಿ ಬ್ಯಾಂಕಿನಿಂದ ನಿವೃತ್ತರಾದವರು, ನನ್ನ ಶತ್ರು. ನೀರಿನ ಟ್ಯಾಂಕಿನ ಮುಚ್ಚಳ ಸಡಿಲವಾಗಿದೆ, ಮಿಂಚು ತಡೆಯುವ ಸರಳು ವಾಲಿದೆ, ಲಿಫ್ಟಿನಲ್ಲಿ ಸುಟ್ಟ ವಾಸನೆ ಬರುತ್ತಿದೆ ಎಂದು ನಾನು ವಾಟ್ಸಾಪ್ ಗುಂಪಿನಲ್ಲಿ ಬರೆದದ್ದಕ್ಕೆಲ್ಲ ಅವರದು ಒಂದೇ ಉತ್ತರ: ಹೆಬ್ಬೆರಳಿನ ಚಿತ್ರ. ಒಮ್ಮೆ ಭೂಕಂಪದ ಬಗ್ಗೆ ಬರೆದಾಗ ಅದನ್ನೂ ಕಳಿಸಲಿಲ್ಲ.

ಹಾಲ್ ಹಿಡಿಯುವ ಕ್ರಮ ಹೀಗೆ. ಬೆಳಿಗ್ಗೆ ಸೈಟಿನಲ್ಲಿ ದಿನಾಂಕ ಒತ್ತಬೇಕು. ಒತ್ತಿದರೆ ಮಧ್ಯಾಹ್ನದವರೆಗೆ ಅದು ನಮ್ಮ ಹೆಸರಿನಲ್ಲಿ ತಡೆದಿರುತ್ತದೆ. ಅಷ್ಟರೊಳಗೆ 'ಖಚಿತ' ಎಂಬ ಗುಂಡಿಯನ್ನೂ ಒತ್ತಬೇಕು. ಇಲ್ಲವಾದರೆ ಸಾಲಿನಲ್ಲಿ ಹಿಂದೆ ನಿಂತವರಿಗೆ ಹೋಗುತ್ತದೆ. ಆ ಭಾನುವಾರಕ್ಕೆ ಮೂರನೇ ಮಾಳಿಗೆಯವರೂ ಮಗುವಿನ ಹುಟ್ಟುಹಬ್ಬಕ್ಕೆಂದು ಬಾಯಿ ಬಿಟ್ಟು ಕೂತಿದ್ದರು.

ನಾನು ದಿನಾಂಕ ಒತ್ತಿದೆ. ಪರದೆಯಲ್ಲಿ ಚಕ್ರ ತಿರುಗತೊಡಗಿತು. ಕಾದೆ. ಇನ್ನೊಮ್ಮೆ ಒತ್ತಿದೆ. ಎಲ್ಲಿಯಾದರೂ ಈ ಪುಟ ಕೈಕೊಟ್ಟರೆ ಇರಲಿ ಎಂದು ಅದೇ ಸೈಟನ್ನು ಇನ್ನೊಂದು ಟ್ಯಾಬಿನಲ್ಲಿ ತೆರೆದೆ, ಅದೂ ಕೈಕೊಟ್ಟರೆ ಎಂದು ಮತ್ತೊಂದರಲ್ಲಿ. ನಾನು ಮನೆಯ ಬಾಗಿಲಿಗೂ ಎರಡು ಬೀಗ ಹಾಕಿ, ಮೆಟ್ಟಿಲಿಳಿದು, ತಿರುಗಿ ಹತ್ತಿ ಬಂದು ಎಳೆದು ನೋಡುವವನು. ಕೊನೆಗೆ ಎಲ್ಲ ಟ್ಯಾಬುಗಳಲ್ಲೂ ಚಕ್ರ ತಿರುಗಿತು, ಆಮೇಲೆ ಅದೂ ನಿಂತಿತು. ಬಾಣದ ಗುರುತು ಮಾತ್ರ ಬೇಸಗೆಯ ನೊಣದ ಹಾಗೆ ಅಲ್ಲಾಡುತ್ತಿತ್ತು. ರಿಫ್ರೆಶ್ ಒತ್ತಿದೆ. ಬಹಳ ಹೊತ್ತಿನ ಮೇಲೆ ಒಂದು ಪುಟ ಅರ್ಧ ತೆರೆಯಿತು. ನಮ್ಮ ಭಾನುವಾರ ಕೆಂಪಾಗಿತ್ತು. ಕೆಂಪೆಂದರೆ ಹಿಡಿದಾಗಿದೆ ಎಂದರ್ಥ.

ಯಾರು ಹಿಡಿದದ್ದೆಂದು ಯೋಚಿಸಲು ನನಗೆ ಸಮಯವೇ ಹಿಡಿಯಲಿಲ್ಲ. ಮುಂದಿನ ವಾರ ಮನೆಯಲ್ಲಿ ನೆಂಟರ ಗೌಜಿ ಎಂದು ಸೆಕ್ರೆಟರಿ ಲಿಫ್ಟಿನಲ್ಲಿ ಯಾರಿಗೋ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು.

ಅವರು ಗೇಟಿನಲ್ಲಿ ಮೀನಿನ ಗಾಡಿಯ ಎದುರು ಬಂಗುಡೆಯ ಕಿವಿರು ಬಿಡಿಸಿ ನೋಡುತ್ತಿದ್ದರು. ಸುತ್ತ ಅರ್ಧ ಕಟ್ಟಡದ ಹೆಂಗಸರು.

"ನೆಂಟರಿಗೆ ಊಟ ಹಾಕ್ಲಿಕ್ಕೆ ಬಸುರಿ ಹೆಂಗಸಿನ ಬಯಕೆಯ ಹಾಲ್ ಆಗ್ಬೇಕಿತ್ತಾ ನಿಮಗೆ?" ಎಂದೆ.

"ಎಂತ?"

"ಸೆಕ್ರೆಟರಿ ಆದದ್ದು ಇದಕ್ಕೇ ಅಲ್ವಾ. ಅಳಿಯ ಸೈಟ್ ಮಾಡುದು, ಮಾವ ಹಾಲ್ ಹೊಡೆಯುದು."

ಅವರು ಬಂಗುಡೆಯನ್ನು ಬುಟ್ಟಿಗೆ ಹಾಕಿ, ಕೈ ಒರೆಸಿ, ಮೊಬೈಲ್ ತೆಗೆದು ನನ್ನ ಮೂಗಿಗೆ ಹಿಡಿದರು. ಅದರಲ್ಲಿಯೂ ಭಾನುವಾರ ಕೆಂಪೇ. ಆದರೆ ಕೆಂಪಿನೊಳಗೊಂದು ಸಣ್ಣ ಚೌಕ, ಚೌಕದೊಳಗೆ ಫ್ಲ್ಯಾಟಿನ ನಂಬರು.

"ಓದಿ. ಜೋರು ಓದಿ, ಎಲ್ಲರೂ ಕೇಳ್ಲಿ. ಇದು ಯಾರ ಮನೆ?"

ನಮ್ಮದೇ. ನಾನು ಮೊದಲ ಸಲ ಒತ್ತಿದಾಗಲೇ ದಿನ ತಡೆದು ನಿಂತಿತ್ತು. ನನ್ನ ಬ್ರೌಸರಿನಲ್ಲಿ ಆ ಚೌಕ ಕಾಣಿಸಿರಲೇ ಇಲ್ಲ.

"ಹಾಗಾದ್ರೆ ನಿಮ್ಮ ಸೈಟು ಸರಿ ಇಲ್ಲ," ಎಂದೆ. ಹಿಂದೆ ಹೆಜ್ಜೆಯಿಡಲು ಅಲ್ಲಿ ಜಾಗವಿರಲಿಲ್ಲ, ಹಿಂದೆ ಮೀನಿನ ನೀರು.

ಇಷ್ಟರಲ್ಲಿ ಹೆಂಡತಿ ಬಾಲ್ಕನಿಯಿಂದ ಕೂಗಿದಳು. ಅವಳು ತನ್ನ ಫೋನಿನಲ್ಲಿ ಲಾಗಿನ್ ಆಗಲು ನೋಡಿದ್ದಳು. ಈ ಫ್ಲ್ಯಾಟು ಬೇರೆ ಕಡೆ ಲಾಗಿನ್ ಆಗಿದೆ, ಮೊದಲು ಅಲ್ಲಿಂದ ಹೊರಗೆ ಬನ್ನಿ ಎಂದಿತಂತೆ. ಒಂದು ಮನೆಗೆ ಒಂದೇ ಬಾಗಿಲು ಎಂಬುದು ಸೆಕ್ರೆಟರಿಯ ಕಾನೂನು. ಹೊರಗೆ ಬರಬೇಕಾದ ಕಂಪ್ಯೂಟರು ಹ್ಯಾಂಗ್ ಆಗಿ ಕೂತಿದೆ. ಸೈಟ್ ಮಾಡಿದ ಅಳಿಯನಿಗೆ ಸೆಕ್ರೆಟರಿ ಫೋನ್ ಮಾಡಿದರೆ ಸ್ವಿಚ್ ಆಫ್, ಅವನು ಮಸ್ಕತ್ತಿನ ವಿಮಾನದಲ್ಲಿ. ಮಧ್ಯಾಹ್ನ ದೂರವಿರಲಿಲ್ಲ.

"ಸೈಟಿಗೆ ಹೆಸರಿಡ್ತೀರಲ್ಲ, ನಡೀರಿ. ಯಾರದ್ದು ಸರಿ ಇಲ್ಲ ಅಂತ ನೋಡುವ," ಎಂದು ಸೆಕ್ರೆಟರಿ ನನಗಿಂತ ಮೊದಲು ಲಿಫ್ಟ್ ಹತ್ತಿದರು.

ನಮ್ಮ ಮನೆಯೊಳಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಹೆಂಡತಿ ಚಹಾ ಬೇಕಾ ಎಂದಳು, ಬೇಡ ಎಂದರು. ಸೋಫಾದಲ್ಲಿ ಕಾಲು ಚಾಚಿ ಮಲಗಿದ್ದ ಸೊಸೆ ಏಳಲು ಹೋದಳು. "ನೀನು ಮಲಗು ಮಗಾ, ನಿನ್ನ ಮೇಲೆ ಸಿಟ್ಟಿಲ್ಲ," ಎಂದು ನನ್ನ ಕುರ್ಚಿಯಲ್ಲಿ ಕೂತರು. ಮೌಸಿಗೆ ಬಂಗುಡೆಯ ವಾಸನೆ ಹತ್ತಿತು.

"ಇದೆಂತ ಬ್ರೌಸರ್? ಈ ಕಟ್ಟಡಕ್ಕಿಂತ ಹಳೆಯದು."

"ಚೆನ್ನಾಗಿಯೇ ನಡೀತಾ ಇತ್ತು."

"ಅಪ್‌ಡೇಟ್ ಮಾಡಿ ಅಂತ ಕೇಳುದಿಲ್ವಾ ಇದು?"

ಕೇಳುತ್ತಿತ್ತು. ದಿನಾ ಬೆಳಿಗ್ಗೆ ಮೂಲೆಯಲ್ಲೊಂದು ಡಬ್ಬಿ ತೆರೆದು ಕೇಳುತ್ತಿತ್ತು, ನಾನು ದಿನಾ 'ಆಮೇಲೆ' ಎಂದು ಒತ್ತುತ್ತಿದ್ದೆ. ಹೊಸದು ಬಂದು ಇದ್ದದ್ದೂ ಹೋದರೆ ಎಂದು. ಕೆಲವು ವರ್ಷ ಹೀಗೆ ಕಳೆದ ಮೇಲೆ ಅದು ಕೇಳುವುದನ್ನೇ ಬಿಟ್ಟಿತು. ನಾನು ಗೆದ್ದೆನೆಂದುಕೊಂಡಿದ್ದೆ. ಈ ಕಂಪ್ಯೂಟರಿಗೆ ಹೊಸ ಬ್ರೌಸರ್ ಇನ್ನು ಹಿಡಿಸುವುದೇ ಇಲ್ಲ ಎಂದು ಸೆಕ್ರೆಟರಿ ಈಗ ಕಂಡುಹಿಡಿದು, ಸುಖಪಟ್ಟು ಹೇಳಿದರು.

ಬ್ರೌಸರನ್ನು ಬಲವಂತವಾಗಿ ಮುಚ್ಚಿ ತೆರೆದರು. ಮುಚ್ಚಿದ ಟ್ಯಾಬುಗಳೆಲ್ಲ ತಾವಾಗಿ ಎದ್ದು ಬಂದವು; ಕರೆಂಟ್ ಹೋದರೆ ಇರಲಿ ಎಂದು ಹಾಗೆ ಇಟ್ಟುಕೊಂಡವನು ನಾನು. ಅವುಗಳನ್ನು ಒಂದೊಂದಾಗಿ ಮುಚ್ಚಿ ಎಕ್ಸ್‌ಟೆನ್ಷನ್‌ಗಳ, ಅಂದರೆ ಬ್ರೌಸರಿಗೆ ಸೇರಿಸಿಕೊಂಡ ಪುಟ್ಟ ಸಲಕರಣೆಗಳ, ಪುಟ ತೆರೆದರು. ಅವು ಬ್ರೌಸರಿಗೆ ನಾನು ಕಟ್ಟಿದ ತಾಯಿತಗಳು. ಯಾವ ಪುಟ ತೆರೆದರೂ ಅಷ್ಟೂ ಜೊತೆಗೆ ಏಳುತ್ತಿದ್ದವು.

"ಚಿನ್ನದ ರೇಟು," ಎಂದು ಓದಿ ತೆಗೆದರು. "ಪಂಚಾಂಗ. ಮಳೆ. ಸಿಡಿಲು, ಅದು ಬೇರೆಯೇ ಉಂಟು. ದಿರ್ಹಮ್ ರೇಟು. ಸಮುದ್ರದ ಉಬ್ಬರ ಇಳಿತ. ನಿಮ್ಮದು ಬೋಟ್ ಉಂಟಾ ಮಾರಾಯ್ರೆ?"

"ಇಲ್ಲ."

"ಮತ್ತೆ ಉಬ್ಬರ ಬಂದ್ರೆ ನಿಮಗೆ ಎಂತ?"

ಒಳಗಿನಿಂದ ಹೆಂಡತಿ ನಕ್ಕದ್ದು ಕೇಳಿಸಿತು. ಮುಂದಿನದು ವಿಮಾನ ಎಲ್ಲಿ ಹಾರುತ್ತಿದೆಯೆಂದು ತೋರಿಸುವಂಥದ್ದು. ಮಗ ರಜೆಯಲ್ಲಿ ದುಬೈಯಿಂದ ಬರುವಾಗ ನಾನು ಅದನ್ನು ಸಮುದ್ರದುದ್ದಕ್ಕೂ ನೋಡುತ್ತ ಕೂರುತ್ತೇನೆ. "ಅದೊಂದು ಇರಲಿ," ಎಂದೆ.

"ನೀವು ನೋಡುದು ಬಿಟ್ರೆ ವಿಮಾನ ಬೀಳ್ತದಾ?"

ಬೀಳಬಹುದು ಎಂದು ನಾನು ಹೇಳಲಿಲ್ಲ. ಅವರು ತೆಗೆದರು.

ಆಮೇಲೆ ಬ್ರೌಸರಿನ ಹಳೆ ಸಂಗ್ರಹವನ್ನೆಲ್ಲ ಅಳಿಸಲು ಹೊರಟು ಇದ್ದ ಎಲ್ಲ ಚೌಕಗಳಿಗೂ ಟಿಕ್ ಹಾಕಿದರು. ಒತ್ತಬೇಕು, ಅಷ್ಟರಲ್ಲಿ ಸೋಫಾದಿಂದ ಸೊಸೆ, "ಅಂಕಲ್, ಕುಕೀಸಿನ ಟಿಕ್ ತೆಗೀರಿ," ಎಂದಳು. "ಅದು ಹೋದ್ರೆ ನಮ್ಮ ಲಾಗಿನ್ ಹೋಗ್ತದೆ. ಮತ್ತೆ ಒಳಗೆ ಹೋಗ್ಲಿಕ್ಕೆ ನೋಡಿದ್ರೆ, ಬೇರೆ ಕಡೆ ಲಾಗಿನ್ ಉಂಟು ಅಂತ ನಿಮ್ಮ ಸೈಟೇ ಬಿಡುದಿಲ್ಲ."

ಸೆಕ್ರೆಟರಿಯ ಬೆರಳು ಮೌಸಿನ ಮೇಲೆ ನಿಂತಿತು. ನನಗೆ ಹೊಟ್ಟೆಯೊಳಗೆ ಹಾಲು ಕುಡಿದಷ್ಟು ತಂಪಾಯಿತು. ಅವರಿಗೂ ತಪ್ಪುತ್ತದೆ ಎಂದು. ಟಿಕ್ ತೆಗೆದರು, ಅಳಿಸಿದರು, ಸೈಟ್ ತೆರೆದರು. ಚಕ್ರ ತಿರುಗಿತು. ನಾವಿಬ್ಬರೂ ಒಂದೇ ಪರದೆಗೆ ಮುಖ ಕೊಟ್ಟು, ಪರಸ್ಪರ ಮುಖ ತಪ್ಪಿಸಿಕೊಂಡು ಕಾದೆವು. ಭಾನುವಾರ ಕೆಂಪಾಗಿ ಬಂತು. ಚೌಕ ಈಗಲೂ ಇಲ್ಲ. ಅದರ ಕೆಳಗೆ, ಅರ್ಧ ತುಂಡಾಗಿ, 'ಖಚಿತ' ಗುಂಡಿ.

"ಒತ್ತಿ," ಎಂದರು.

ಒತ್ತಿದೆ. ಒಂದೇ ಸಲ. ಎರಡನೆಯದಕ್ಕೆ ಎದ್ದ ಬೆರಳನ್ನು ಅವರು ಮಣಿಕಟ್ಟಿನಲ್ಲಿ ಹಿಡಿದುಕೊಂಡರು. ಆಯಿತೆಂದು ಪರದೆ ಹೇಳುವವರೆಗೂ ಬಿಡಲಿಲ್ಲ. ಹಿಡಿತ ನೋಯುತ್ತಿತ್ತು, ಅಷ್ಟು ಗಟ್ಟಿ ಹಿಡಿಯುವ ಅಗತ್ಯವಿರಲಿಲ್ಲವೆಂದು ಈಗಲೂ ನನ್ನ ಅಭಿಪ್ರಾಯ.

"ಸೈಟ್ ಸರಿ ಉಂಟು," ಎಂದು ಎದ್ದರು. "ಗೇಟಲ್ಲಿ ಹೇಳಿದ ಮಾತು ಗೇಟಲ್ಲೇ ವಾಪಸ್ ತೆಗೀಬೇಕು."

"ಚೌಕ ಕಾಣುದಿಲ್ಲವಲ್ಲ," ಎಂದೆ. ಅವರು ಬಾಗಿಲು ಎಳೆದುಕೊಂಡು ಹೋದರು.

ಮನೆಗೆ ಬಂದು ಕೆಲಸ ಮಾಡಿಕೊಟ್ಟವರನ್ನು ಕರೆಯದೆ ಬಯಕೆ ಮಾಡುವ ಹಾಗಿಲ್ಲ, ಕರೆಯುವುದೂ ಗಂಡಹೆಂಡತಿ ಬಾಗಿಲಿಗೇ ಹೋಗಿ ಎಂದು ಹೆಂಡತಿ ಹಟ ಹಿಡಿದಳು. ಹೋದೆವು. ಅವಳು ಮಾತಾಡಿದಳು, ನಾನು ಅವರ ಚಪ್ಪಲಿಗಳನ್ನು ನೋಡಿದೆ. ಗೇಟಿನ ಮಾತನ್ನು ಮಾತ್ರ ಇನ್ನೂ ತೆಗೆದಿಲ್ಲ.

ಆ ಭಾನುವಾರ ಸೊಸೆ ಹಸಿರು ಸೀರೆಯುಟ್ಟು, ತಲೆ ತುಂಬ ಮಲ್ಲಿಗೆ ಮುಡಿದು, ಲಿಫ್ಟಿನಲ್ಲಿ ಇಳಿದು ಹಾಲ್‌ನ ನಡುವೆ ಕೂತಳು. ಬೀಗಿತಿ ಅವಳ ಮಡಿಲಿಗೆ ತಿಂಡಿಗಳನ್ನು ಇಡುತ್ತ ನನ್ನ ಕಡೆ ತಿರುಗಿ, "ಹಾಲ್ ಸ್ವಲ್ಪ ಸಣ್ಣದಾಯ್ತು ಭಾವ," ಎಂದರು. ಸೆಕ್ರೆಟರಿ ಬಂದು, ಎರಡು ಸಲ ಪಾಯಸ ಹಾಕಿಸಿಕೊಂಡು, ಹಾಲ್ ಬಿಡುವ ಹೊತ್ತಾದದ್ದೇ ಸ್ವಿಚ್‌ಬೋರ್ಡಿನ ಹತ್ತಿರ ಹೋಗಿ ನಿಂತರು. ಹೆಂಗಸರು ಇನ್ನೂ ಬಳೆ ತೊಡಿಸುತ್ತಿದ್ದರು. ಒಂದು ಬದಿಯ ಫ್ಯಾನ್ ನಿಂತಿತು. ಆಮೇಲೆ ಇನ್ನೊಂದು ಬದಿಯದು.

"ನಿಯಮ ಸೈಟಲ್ಲಿ ಉಂಟು," ಎಂದರು. "ನಿಮ್ಮ ಬ್ರೌಸರಲ್ಲಿ ಕಾಣ್ತದಾ ಗೊತ್ತಿಲ್ಲ."

ಸೊಸೆ ಬೆವರೊರೆಸಿಕೊಂಡು ನಗುತ್ತಿದ್ದಳು. ನಾನು ಅಡುಗೆಯವರು ಬಿಟ್ಟುಹೋದ ಬಾಳೆಎಲೆಯೊಂದನ್ನು ಎತ್ತಿಕೊಂಡು, ಅವಳ ಪಕ್ಕದಲ್ಲಿ ನಿಂತು ಗಾಳಿ ಹಾಕತೊಡಗಿದೆ, ಅವರಿಗೆ ಕಾಣುವ ಹಾಗೆ.